ಯಾರು ಯಾರಿಗೆ ಕಿವಿಗೊಟ್ಟರು?

ಫ್ಯೂಜನ್ ಎಂಬ ಮಾತು ನಮ್ಮಲ್ಲಿ ಬಹಳ ಅಗ್ಗವಾಗಿಬಿಟ್ಟಿದೆ. ಒಂದು ಕೀಬೋರ್ಡು, ಒಂದು ಸೆಟ್ಟು ಡ್ರಮ್ಸು, ಒಂದು ಕೊಳಲು, ಒಂದು ಜೊತೆ ತಬಲಾ ಒಂದೇ ವೇದಿಕೆಯ ಮೇಲೆ ಕಂಡರೆ ಸಾಕು, ಆಹ್ವಾನಪತ್ರಿಕೆಯಲ್ಲಿ ಆ ಪದ ಅಚ್ಚಾಗುತ್ತದೆ. ಕೊಳಲಿನವರು ತಮಗೆ ಬರುವ ರಾಗವನ್ನು ನುಡಿಸುತ್ತಾರೆ. ಕೀಬೋರ್ಡಿನವರು ತಮಗೆ ಬರುವ ನಾಲ್ಕು ಕಾರ್ಡುಗಳನ್ನು ಒತ್ತುತ್ತಾರೆ. ಕೊನೆಗೆ ಎಲ್ಲರೂ ಸೇರಿ ವೇಗ ಏರಿಸುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ. ನಮ್ಮ ಅನೇಕ ಸೌಹಾರ್ದ ಸಮಾವೇಶಗಳಂತೆಯೇ ಇದು. ಮೂರು ಧರ್ಮದ ಮೂವರು ತಲಾ ಹತ್ತು ನಿಮಿಷ ಮಾತಾಡಿ, ಕೈಕುಲುಕಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಒಬ್ಬರ ಮಾತು ಕೇಳಿದ್ದರಿಂದ ಇನ್ನೊಬ್ಬರ ಒಂದು ವಾಕ್ಯವಾದರೂ ಬದಲಾಯಿತೇ ಎಂದು ಯಾರೂ ವಿಚಾರಿಸುವುದಿಲ್ಲ.

ಆ ವಿಚಾರಣೆಯನ್ನು ಸಂಗೀತದಲ್ಲಾದರೂ ಮಾಡೋಣ ಎನ್ನಿಸಿ, ಚಿತ್ರದುರ್ಗದ ನಾವು ಕೆಲವರು ಕಳೆದೊಂದು ವರ್ಷದಿಂದ ಜಾಝ್ ಫ್ಯೂಜನ್ನಿನ ಹಳೆಯ ಆಲ್ಬಂಗಳನ್ನು ಒಂದೊಂದಾಗಿ ಕೇಳುತ್ತ ಬಂದಿದ್ದೇವೆ. ಹೆಚ್ಚಾಗಿ ಯಾರಾದರೊಬ್ಬರ ಮನೆಯಲ್ಲಿ, ಕೆಲವು ಭಾನುವಾರ ಚಂದ್ರವಳ್ಳಿಯ ಕೆರೆಯ ದಂಡೆಯಲ್ಲಿ. ನಮ್ಮಲ್ಲಿ ಸಂಗೀತ ವಿದ್ವಾಂಸರು ಯಾರೂ ಇಲ್ಲ. ಆದರೆ ಒಂದೇ ಆಲ್ಬಮನ್ನು ನಾಲ್ಕು ಸಲ ಕೇಳುವ ತಾಳ್ಮೆ ಇದೆ. ನಮ್ಮ ಪ್ರಶ್ನೆಯೂ ಸರಳವಾದದ್ದೇ. ಈ ತಟ್ಟೆಯಲ್ಲಿ ಯಾರು ಯಾರಿಗೆ ಕಿವಿಗೊಟ್ಟಿದ್ದಾರೆ? ಪಕ್ಕದಲ್ಲಿದ್ದವರು ಎದ್ದುಹೋಗಿದ್ದರೂ ಇವರು ಇದನ್ನೇ ಹೀಗೆಯೇ ನುಡಿಸುತ್ತಿದ್ದರೇ? ಉತ್ತರ ಹೌದು ಎಂದಾದರೆ ಎಷ್ಟೇ ಪ್ರಸಿದ್ಧ ಆಲ್ಬಂ ಆದರೂ ನಮ್ಮ ಪಟ್ಟಿಯಲ್ಲಿ ಕೆಳಗಿಳಿಯಿತು.

ಓದುಗರಿಗೆ ಇಷ್ಟು ಹಿನ್ನೆಲೆ ಬೇಕಾಗಬಹುದು. ಜಾಝ್ ಅಮೆರಿಕದ ಕರಿಯರ ಸಂಗೀತ. ಗುಲಾಮರಾಗಿ ತಂದ ಆಫ್ರಿಕದ ಜನರ ಮೊಮ್ಮಕ್ಕಳು ನ್ಯೂ ಆರ್ಲಿಯನ್ಸಿನಂತಹ ಊರುಗಳಲ್ಲಿ, ಬಿಳಿಯರ ಬ್ಯಾಂಡಿನ ವಾದ್ಯಗಳನ್ನು ಕೈಗೆತ್ತಿಕೊಂಡು ತಮ್ಮ ಲಯದಲ್ಲಿ ನುಡಿಸತೊಡಗಿದ್ದರಿಂದ ಹುಟ್ಟಿದ್ದು. ಹಾಗಾಗಿ ಅದು ಹುಟ್ಟಿನಿಂದಲೇ ಬೆರಕೆ. ನಮ್ಮ ಶಾಸ್ತ್ರೀಯ ಸಂಗೀತದ ಹಾಗೆ ಅದರಲ್ಲಿಯೂ ಮನೋಧರ್ಮವೇ ಜೀವಾಳ, ಬರೆದಿಟ್ಟದ್ದು ಸ್ವಲ್ಪ, ಆ ಹೊತ್ತಿಗೆ ಹೊಳೆದದ್ದು ಬಹಳ. ವ್ಯತ್ಯಾಸ ಇರುವುದು ನೆಲದಲ್ಲಿ. ನಮ್ಮಲ್ಲಿ ತಂಬೂರಿ ಒಂದೇ ಷಡ್ಜವನ್ನು ಹಿಡಿದು ಕೂತಿರುತ್ತದೆ, ರಾಗ ಅದರ ಮೇಲೆ ನಡೆದಾಡುತ್ತದೆ. ಜಾಝಿನಲ್ಲಿ ಪಿಯಾನೊ ಮತ್ತು ಬಾಸ್ ಕೆಳಗಿನ ಸ್ವರಗುಚ್ಛವನ್ನೇ, ಅಂದರೆ ಕಾರ್ಡನ್ನೇ, ಮತ್ತೆ ಮತ್ತೆ ಬದಲಿಸುತ್ತಿರುತ್ತವೆ. ಓಡುವ ನೆಲದ ಮೇಲೆ ಕುಣಿಯುವುದು ಅವರ ವಿದ್ಯೆ, ನಿಂತ ನೆಲದ ಮೇಲೆ ಕೆತ್ತುವುದು ನಮ್ಮದು. ಇವೆರಡು ಸೇರಬೇಕಾದರೆ ಯಾರಾದರೊಬ್ಬರು ಏನನ್ನಾದರೂ ಬಿಡಲೇಬೇಕು. ಯಾರು ಬಿಟ್ಟರು, ಏನನ್ನು ಬಿಟ್ಟರು ಎಂಬುದರಲ್ಲೇ ಈ ಆಲ್ಬಂಗಳ ಕತೆಯೆಲ್ಲ ಇದೆ.

ಫ್ಯೂಜನ್ ಎಂಬ ಹೆಸರು ಮೊದಲು ಅಂಟಿಕೊಂಡದ್ದು ಭಾರತಕ್ಕೆ ಸಂಬಂಧಿಸಿದ ಕೂಡಿಕೆಗಲ್ಲ. ಜಾಝ್ ರಾಕ್ ಸಂಗೀತದ ವಿದ್ಯುತ್ ವಾದ್ಯಗಳನ್ನು ಒಳಗೆ ಕರೆದುಕೊಂಡಾಗ ಆ ಮಾತು ಬಂತು. ಅದರ ಹೆಬ್ಬಾಗಿಲು ಮೈಲ್ಸ್ ಡೇವಿಸ್ ಅವರ 'ಬಿಚಸ್ ಬ್ರೂ'. 1969ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಮೂರು ದಿನ ನುಡಿಸಿ, ನಿರ್ಮಾಪಕ ಟಿಯೊ ಮ್ಯಾಸಿರೊ ಅವರು ಟೇಪನ್ನು ಕತ್ತರಿಸಿ ಜೋಡಿಸಿ, 1970ರಲ್ಲಿ ಜೋಡಿ ತಟ್ಟೆಯಾಗಿ ಬಂದದ್ದು. ಮೊದಲ ಸಲ ಕೇಳಿದಾಗ ನಮಗೆ ಇದು ಸಂತೆಯಂತೆ ಕೇಳಿಸಿತು. ಮೂರನೆಯ ಸಲಕ್ಕೆ, ಅಷ್ಟು ಜನರ ನಡುವೆ ತುತ್ತೂರಿಯ ಮೈಲ್ಸ್ ಎಷ್ಟು ಕಡಿಮೆ ನುಡಿಸಿದ್ದಾರೆಂಬುದು ತಿಳಿಯಿತು. ಅವರು ಊದುವುದಕ್ಕಿಂತ ಹೆಚ್ಚು ಹೊತ್ತು ಕೇಳುತ್ತಿದ್ದಾರೆ. ದೊಡ್ಡ ಯಜಮಾನರು ಪಂಗಡದ ಪಂಚಾಯ್ತಿಯಲ್ಲಿ ಕೂತಂತೆ, ನಡುವೆ ಒಂದು ಮಾತು, ಮತ್ತೆ ಮೌನ. ಆದರೆ ಹೊಸಬರು ಇದರಿಂದಲೇ ಶುರುಮಾಡಬಾರದು ಎಂಬುದು ನಮ್ಮ ಸಲಹೆ. ಅದಕ್ಕಿಂತ ಒಂದು ವರ್ಷ ಮೊದಲಿನ 'ಇನ್ ಎ ಸೈಲೆಂಟ್ ವೇ' ಹೆಚ್ಚು ಮೆದು, ರಾತ್ರಿ ಊಟವಾದ ಮೇಲೆ ಕೇಳಲು ತಕ್ಕುದು.

ಮೈಲ್ಸ್ ಅವರೇ 1972ರಲ್ಲಿ 'ಆನ್ ದಿ ಕಾರ್ನರ್' ಎಂಬ ತಟ್ಟೆಗೆ ಸಿತಾರ್ ಮತ್ತು ತಬಲಾ ಕರೆಸಿದರು. ತಬಲಾ ನುಡಿಸಿದವರು ಈಗಿನ ಬಾಂಗ್ಲಾದೇಶದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿದ್ದ ಬಾದಲ್ ರಾಯ್. ನಮ್ಮ ಕಿವಿಗೆ ಅಲ್ಲಿ ತಬಲಾ ಒಂದು ಬಣ್ಣ ಮಾತ್ರ. ಅದಿಲ್ಲದಿದ್ದರೂ ತಟ್ಟೆ ಹಾಗೆಯೇ ನಿಲ್ಲುತ್ತಿತ್ತು. ಹರ್ಬಿ ಹ್ಯಾನ್ಕಾಕ್ ಅವರ 'ಹೆಡ್ ಹಂಟರ್ಸ್' (1973) ಬಹಳ ಖುಷಿಯ ಆಲ್ಬಂ. ಕುಳಿತವರ ಕಾಲು ತಾನಾಗಿ ಅಲ್ಲಾಡುತ್ತದೆ. ಅದರಲ್ಲಿ 'ವಾಟರ್‌ಮೆಲನ್ ಮ್ಯಾನ್' ಶುರುವಾಗುವುದು ಖಾಲಿ ಬಾಟಲಿಯನ್ನು ಊದಿದ ಸದ್ದಿನಿಂದ. ಮಧ್ಯ ಆಫ್ರಿಕದ ಕಾಡಿನ ಜನ ಒಂದೇ ಸ್ವರದ ಸೀಟಿ ಊದುತ್ತ ನಡುನಡುವೆ ತಾವೇ ಹಾಡುವ ಕ್ರಮ ಒಂದಿದೆ, ಅದರ ಅನುಕರಣೆ ಅದು. ಕೇಳಲು ಸೊಗಸು. ಆದರೆ ಕಾಡಿನ ಆ ಜನ ಆ ಕೋಣೆಯಲ್ಲಿರಲಿಲ್ಲ. ಕೂಡಿಕೆಗೂ ಎರವಲಿಗೂ ಇರುವ ಅಂತರ ಇದೇ.

ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್ಲಾಗ್ಲಿನ್ ಮೈಲ್ಸ್ ಅವರೊಂದಿಗೆ ನುಡಿಸಿ ಹೊರಬಂದವರು. ಅವರ ಮಹಾವಿಷ್ಣು ಆರ್ಕೆಸ್ಟ್ರಾದ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' (1971) ಮತ್ತು 'ಬರ್ಡ್ಸ್ ಆಫ್ ಫೈರ್' (1973) ಎರಡೂ ಸುಡುವ ತಟ್ಟೆಗಳು. ಪನಾಮಾದಲ್ಲಿ ಹುಟ್ಟಿದ ಡ್ರಮ್ಮರ್ ಬಿಲ್ಲಿ ಕಾಬಮ್, ಝೆಕ್ ದೇಶದ ಯಾನ್ ಹಾಮರ್, ಐರ್ಲೆಂಡಿನ ರಿಕ್ ಲೇರ್ಡ್, ಅಮೆರಿಕದ ಪಿಟೀಲುಗಾರ ಜೆರ್ರಿ ಗುಡ್‌ಮನ್. ಐದು ಜನರಲ್ಲಿ ಐದು ದೇಶ. ಹೆಸರಿನಲ್ಲಿ ಭಾರತವಿದೆ, ತಾಳದ ಬೆಸ ಲೆಕ್ಕಾಚಾರದಲ್ಲಿಯೂ ಇದೆ. ಆದರೆ ಆ ವೇಗದಲ್ಲಿ ಯಾರಿಗೂ ಯಾರನ್ನೂ ಕೇಳಿಸಿಕೊಳ್ಳಲು ಬಿಡುವಿದ್ದಂತೆ ಕಾಣುವುದಿಲ್ಲ. ನಮ್ಮಲ್ಲಿ ಒಬ್ಬರಿಗೆ ಇವೇ ಎಲ್ಲಕ್ಕಿಂತ ಇಷ್ಟ. ಅವರಿಗೆ ಇಪ್ಪತ್ತೆರಡು ವರ್ಷ ವಯಸ್ಸು.

ಇನ್ನು ಭಾರತೀಯರು ಪಾಲುದಾರರಾಗಿ ಕೂತ ಆಲ್ಬಂಗಳ ಕಡೆಗೆ ಬರೋಣ. ಕಾಲದ ಲೆಕ್ಕದಲ್ಲಿ ಇವು ಮೈಲ್ಸ್ ಅವರ ವಿದ್ಯುತ್ ಪ್ರಯೋಗಕ್ಕಿಂತ ಮೊದಲೇ ಆರಂಭವಾದವು. ಕಲ್ಕತ್ತದ ಆಂಗ್ಲೋ ಇಂಡಿಯನ್ ಪಿಟೀಲುಗಾರ ಜಾನ್ ಮೇಯರ್, ಜಮೈಕಾದಿಂದ ಲಂಡನ್ನಿಗೆ ಬಂದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್, ಇಬ್ಬರೂ ಸೇರಿ 'ಇಂಡೋ-ಜಾಝ್ ಸೂಟ್' (1966) ತಂದರು. ಐವರು ಜಾಝಿನವರು, ಐವರು ಭಾರತೀಯ ಸಂಗೀತದವರು. ವಲಸೆ ಬಂದ ಇಬ್ಬರು ಲಂಡನ್ನಿನಲ್ಲಿ ಭೇಟಿಯಾಗಿ ಇಂಥದ್ದೊಂದನ್ನು ಕಟ್ಟಿದರೆಂಬುದು ದೊಡ್ಡ ಸಂಗತಿ, ಗೌರವ ಸಲ್ಲಲೇಬೇಕು. ಆದರೆ ಕೇಳುತ್ತ ಹೋದಂತೆ ಒಂದು ವಿಚಿತ್ರ ಅನುಭವವಾಗುತ್ತದೆ. ಸಿತಾರ್ ತನ್ನ ಸರದಿ ಮುಗಿಸುತ್ತದೆ, ಆಮೇಲೆ ಸ್ಯಾಕ್ಸೊಫೋನ್ ತನ್ನ ಸರದಿ ಮುಗಿಸುತ್ತದೆ. ಒಂದೇ ಮದುವೆ ಮನೆಯಲ್ಲಿ ಎರಡು ಬೀಗರು ಎರಡು ಅಡುಗೆಮನೆ ಹೂಡಿದ ಹಾಗೆ.

ಇದನ್ನು ಕೇಳಿದ್ದು ಚಂದ್ರವಳ್ಳಿಯಲ್ಲಾದ್ದರಿಂದ ನಮಗೆ ಅಲ್ಲಿಯ ನಾಣ್ಯಗಳ ನೆನಪಾಯಿತು. ಗುಡ್ಡಗಳ ನಡುವಿನ ಆ ತಗ್ಗಿನಲ್ಲಿ 1929ರ ಸುಮಾರಿಗೆ ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಎಂ.ಎಚ್. ಕೃಷ್ಣ ಅವರು ಅಗೆದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಜೊತೆಗೆ ಇಲ್ಲಿಯೂ ಅಗೆಸಿದರು. ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳೂ ಇದೇ ನೆಲದಲ್ಲಿ ಸಿಕ್ಕಿದವು. ನಮ್ಮ ಊರಿನ ಬಹುತ್ವವನ್ನು ಹೇಳುವಾಗ ಭಾಷಣಕಾರರು ಈ ಸಂಗತಿಯನ್ನು ತಪ್ಪದೆ ತರುತ್ತಾರೆ, ನಾವೂ ತಂದಿದ್ದೇವೆ. ಆದರೆ ಎರಡು ಸಾವಿರ ವರ್ಷ ಒಂದೇ ಮಣ್ಣಿನಲ್ಲಿ ಮಲಗಿದ್ದರೂ ಬೆಳ್ಳಿ ಬೆಳ್ಳಿಯಾಗಿ, ಸೀಸ ಸೀಸವಾಗಿ ಉಳಿದವು. ಒಟ್ಟಿಗಿರುವುದೇ ಬೇರೆ, ಕೂಡುವುದೇ ಬೇರೆ. 'ಇಂಡೋ-ಜಾಝ್ ಸೂಟ್' ನಮಗೆ ಆ ನಾಣ್ಯಗಳ ಹಾಗೆ ಕೇಳಿಸಿತು. ಬೆಲೆಬಾಳುವಂಥದ್ದು, ಕಾಪಿಡಬೇಕಾದದ್ದು, ಆದರೆ ಕರಗಿಲ್ಲ.

ಕರಗಿದ್ದು 'ಶಕ್ತಿ'ಯಲ್ಲಿ. ಮೆಕ್ಲಾಗ್ಲಿನ್ ತಮ್ಮ ವಿದ್ಯುತ್ ಅಬ್ಬರವನ್ನೆಲ್ಲ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮರದ ಗಿಟಾರನ್ನು ಹಿಡಿದರು. ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಝಾಕಿರ್ ಹುಸೇನ್, ಘಟಕ್ಕೆ ಟಿ.ಎಚ್. ವಿನಾಯಕರಾಂ. ಮೊದಲ ತಟ್ಟೆ 'ಶಕ್ತಿ ವಿತ್ ಜಾನ್ ಮೆಕ್ಲಾಗ್ಲಿನ್', 1975ರ ಜುಲೈ 5ರಂದು ನ್ಯೂಯಾರ್ಕಿನ ಬಳಿಯ ಕಾಲೇಜೊಂದರಲ್ಲಿ ನಡೆದ ಕಛೇರಿಯ ಮುದ್ರಣ, 1976ರಲ್ಲಿ ಹೊರಬಂತು. ಅದರಲ್ಲಿ ಆರ್. ರಾಘವನ್ ಅವರ ಮೃದಂಗವೂ ಇದೆ. ಮೆಕ್ಲಾಗ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತಿದ್ದರು. ಆ ಕಲಿಕೆ ಅವರ ವಾದ್ಯವನ್ನೇ ಬದಲಿಸಿತು. ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ತೋಡಿಸಿ, ತಂತಿಯನ್ನು ಒತ್ತಿ ಗಮಕ ಹೊರಡಿಸುವಂತೆ ಮಾಡಿಸಿಕೊಂಡರು. ಕೆಳಗೆ ಓರೆಯಾಗಿ ಏಳು ಅನುರಣನದ ತಂತಿಗಳನ್ನೂ ಕಟ್ಟಿಸಿದರು. ಕಿವಿಗೊಡುವುದು ಎಂದರೆ ಇದು. ಪಕ್ಕದವರ ಭಾಷೆಯ ಒಂದು ಅಕ್ಷರ ತನ್ನ ಬಾಯಲ್ಲಿ ಹೊರಡುವುದಿಲ್ಲವೆಂದು ತಿಳಿದಾಗ ಹಲ್ಲನ್ನೇ ಸರಿಮಾಡಿಸಿಕೊಂಡಂತೆ.

ಶಕ್ತಿಯ ಬಗ್ಗೆ ಬರೆಯುವವರು ಪೂರ್ವ-ಪಶ್ಚಿಮದ ಮಾತನ್ನೇ ಆಡುತ್ತಾರೆ. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರೊಳಗಿನ ಉತ್ತರ-ದಕ್ಷಿಣದ ಕೂಡಿಕೆ. ಹಿಂದೂಸ್ತಾನಿ ತಬಲಾ ಮತ್ತು ಕರ್ನಾಟಕ ಸಂಗೀತದ ಘಟ ಒಂದೇ ತಂಡದಲ್ಲಿ ನಿತ್ಯ ಕೂರುವುದು ಅಂದಿನ ಕಛೇರಿಗಳಲ್ಲಿ ಅಪರೂಪ. ಎರಡರ ಲೆಕ್ಕವೂ ಬೇರೆ, ಎಣಿಸುವ ಮಾತೂ ಬೇರೆ. ಝಾಕಿರ್ ದಕ್ಷಿಣದ ಲೆಕ್ಕವನ್ನು ಮೈಗೂಡಿಸಿಕೊಂಡರು, ವಿನಾಯಕರಾಂ ತಬಲಾದ ಬಾಯಾಂ ಎಳೆದಾಡುವ ದನಿಗೆ ತಮ್ಮ ಮಡಕೆಯ ಹೊಟ್ಟೆಯಿಂದ ಉತ್ತರ ಕೊಟ್ಟರು. ಘಟ ನಮ್ಮ ಕಛೇರಿಗಳಲ್ಲಿ ಉಪಪಕ್ಕವಾದ್ಯ. ಮೃದಂಗದವರು ಬಿಟ್ಟುಕೊಟ್ಟಷ್ಟು ಹೊತ್ತು ಮಾತ್ರ ಅದರ ಆಟ. ಶಕ್ತಿಯಲ್ಲಿ ಆ ಮಣ್ಣಿನ ಮಡಕೆ ಮೊದಲ ಸಾಲಿಗೆ ಬಂದು ಕೂತಿತು. ಈ ಬದಲಾವಣೆಗೆ ಅಮೆರಿಕದ ವೇದಿಕೆ ಬೇಕಾಯಿತು ಎಂಬುದನ್ನು ನಾವು ಸ್ವಲ್ಪ ನಾಚಿಕೆಯಿಂದಲೇ ಹೇಳಬೇಕು.

ಮೊದಲ ತಟ್ಟೆಗಿಂತ ಎರಡನೆಯ 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ' ನಮಗೆ ಮೇಲು. ಇದು 1976ರಲ್ಲಿ ಲಂಡನ್ನಿನ ಸ್ಟುಡಿಯೊದಲ್ಲಿ ಮುದ್ರಣವಾದದ್ದು. ಮೊದಲನೆಯದರಲ್ಲಿ 29 ನಿಮಿಷದ ಒಂದು ರಚನೆಯಿದೆ. ಸಭೆಯ ಉತ್ಸಾಹ ಅದನ್ನು ಹೊತ್ತುಕೊಂಡು ಹೋಗುತ್ತದೆ, ಆದರೆ ಮನೆಯಲ್ಲಿ ಕೂತವರಿಗೆ ಕೆಲವೆಡೆ ಉದ್ದವಾಯಿತು ಎನ್ನಿಸುತ್ತದೆ. ಎರಡನೆಯದರಲ್ಲಿ ಸಂಯಮ ಬಂದಿದೆ. ಅದರ ಮೊದಲ ರಚನೆ ಶುರುವಾಗುವುದು ವಾದ್ಯದಿಂದಲ್ಲ, ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳಿಂದ, ಅಂದರೆ ಕೊನ್ನಕ್ಕೋಲಿನಿಂದ. ಅದನ್ನು ಕೆರೆಯ ದಂಡೆಯಲ್ಲಿ ಹಾಕಿದ್ದಾಗ ಹತ್ತಿರ ಕೂತಿದ್ದ ಯಾರದೋ ಮನೆಯ ಮಗು ಸೊಲ್ಲುಗಳನ್ನು ತೊದಲುತ್ತ ಅನುಕರಿಸತೊಡಗಿತು. ಇಂಥ ಸಂಗೀತ ಕಷ್ಟ, ಜನಕ್ಕೆ ತಲುಪುವುದಿಲ್ಲ ಎನ್ನುವವರು ಆ ಮಗುವನ್ನು ನೋಡಬೇಕಿತ್ತು. 'ಇಂಡಿಯಾ' ಎಂಬ ರಚನೆಯ ಆರಂಭದಲ್ಲಿ ಗಿಟಾರ್ ಮತ್ತು ಪಿಟೀಲು ಒಂದರ ನೆರಳಿನಲ್ಲಿ ಒಂದು ನಡೆಯುವ ರೀತಿಯನ್ನು ನಾವು ಮತ್ತೆ ಮತ್ತೆ ಕೇಳಿದೆವು. ಮೂರನೆಯದಾದ 'ನ್ಯಾಚುರಲ್ ಎಲಿಮೆಂಟ್ಸ್' (1977) ಚಿಕ್ಕ ಚಿಕ್ಕ ರಚನೆಗಳದ್ದು, ಹಿತವಾಗಿದೆ, ಆದರೆ ಮಾರುಕಟ್ಟೆಯವರ ಒತ್ತಾಯ ಕೇಳಿಸುತ್ತದೆ ಎಂದು ನಮ್ಮ ಗುಮಾನಿ. ಬಹಳ ವರ್ಷಗಳ ನಂತರ ಹೊಸ ಸದಸ್ಯರೊಂದಿಗೆ ಬಂದ 'ದಿಸ್ ಮೊಮೆಂಟ್' (2023) ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ನುಣುಪಾದ ಕೆಲಸ. 2024ರ ಡಿಸೆಂಬರ್ 15ರಂದು ಝಾಕಿರ್ ತೀರಿಕೊಂಡ ಸುದ್ದಿ ಬಂದಾಗ ಎಲ್ಲರೂ ಅದನ್ನೇ ಹಾಕಿ ಕೇಳಿದರು. ನಾವು 1976ಕ್ಕೆ ಹೋದೆವು. ಇಪ್ಪತ್ತೈದರ ಹರೆಯದ ಆ ಹುಡುಗ, ತನಗಿಂತ ಹಿರಿಯರಾದ ವಿನಾಯಕರಾಂ ಅವರ ಘಟಕ್ಕೆ ಜಾಗ ಬಿಟ್ಟು ತಬಲಾದ ಮೇಲೆ ಕೈ ಹಾಗೇ ಇಟ್ಟುಕೊಂಡ ಕ್ಷಣಗಳು ಆ ತಟ್ಟೆಯಲ್ಲಿವೆ.

ಇಲ್ಲಿಯವರೆಗಿನದು ಜಗತ್ತಿಗೇ ಗೊತ್ತಿರುವ ಆಲ್ಬಂಗಳ ಮಾತು. ನಾವು ಈ ಬರಹಕ್ಕೆ ಕೈಹಾಕಿದ್ದು ಮುಖ್ಯವಾಗಿ ಇನ್ನೊಂದರ ಸಲುವಾಗಿ. ಅದರ ಹೊದಿಕೆಯ ಮೇಲೆ ಕರ್ನಾಟಕದ ಹೆಸರೇ ಇದೆ, ಆದರೆ ಕರ್ನಾಟಕದಲ್ಲಿ ಅದನ್ನು ಕೇಳಿದವರು ಸಿಗುವುದು ಕಷ್ಟ. ಅದು 'ಜ್ಯೋತಿ'. 1983ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಇಸಿಎಂ ಸಂಸ್ಥೆ ಹೊರತಂದದ್ದು. ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್ ಮತ್ತು ಕೊಳಲು, ಜೊತೆಗೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್.

ಆ ಕಾಲೇಜನ್ನು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ್ದು 1964ರಲ್ಲಿ. ಹೆಸರೇ ಹೇಳುವಂತೆ ತಾಳವಾದ್ಯಗಳನ್ನು ಕಲಿಸುವ ಶಾಲೆ. ಅವರ ಪತ್ನಿ ಆರ್.ಎ. ರಮಾಮಣಿ ಗಾಯಕಿ, ರಚನಕಾರ್ತಿ. ಜರ್ಮನರು ಇಲ್ಲಿಗೆ ಬಂದ ಕತೆಯೂ ಸ್ವಾರಸ್ಯವಾಗಿದೆ. ಮ್ಯೂನಿಕ್ಕಿನ 'ಎಂಬ್ರಿಯೊ' ಎಂಬ ಜಾಝ್-ರಾಕ್ ತಂಡ, ಕ್ರಿಸ್ಟಿಯಾನ್ ಬುರ್ಖಾರ್ಡ್ ಅವರ ಮುಂದಾಳ್ತನದಲ್ಲಿ, 1978-79ರಲ್ಲಿ ಬಸ್ಸಿನಲ್ಲಿ ವಾದ್ಯಗಳನ್ನು ತುಂಬಿಕೊಂಡು ಟರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂತು. ದಾರಿಯುದ್ದಕ್ಕೂ ಅಲ್ಲಲ್ಲಿಯ ಕಲಾವಿದರ ಜೊತೆ ಕೂತು ನುಡಿಸಿತು. ಕಾಬೂಲಿನಲ್ಲಿ ನುಡಿಸಿದ್ದು ಅವರ 'ಎಂಬ್ರಿಯೋಸ್ ರೈಸೆ' ಎಂಬ ಜೋಡಿ ತಟ್ಟೆಯಲ್ಲಿದೆ. 1979ರ ಕೊನೆಗೆ ಸೋವಿಯತ್ ಸೇನೆ ಆ ದೇಶಕ್ಕೆ ನುಗ್ಗಿತು, ಮುಂದೆ ಆ ದಾರಿಯಲ್ಲಿ ಅಂಥ ಬಸ್ಸು ಹೋಗುವುದು ಸಾಧ್ಯವಾಗಲಿಲ್ಲ. ಎಂಬ್ರಿಯೊ, ಮರಿಯಾನೊ ಮತ್ತು ಬೆಂಗಳೂರಿನ ಕಾಲೇಜು ಮೂವರೂ ಸೇರಿದ 'ಲೈಫ್' ಎಂಬ ಆಲ್ಬಮ್ಮೂ ಇದೆ. ಎಂಬ್ರಿಯೊದಿಂದ ಹೊರಬಂದವರು ಕಟ್ಟಿದ 'ಡಿಸಿಡೆಂಟನ್' ತಂಡದ ಮೊದಲ ಆಲ್ಬಂ 'ಜರ್ಮನಿಸ್ತಾನ್' (1982) ಕೂಡ ಇದೇ ಕಾಲೇಜಿನವರೊಂದಿಗೆ ಆದದ್ದು. ಅದು ಕುಣಿಸುವ ಸಂಗೀತ, ಹಬ್ಬದ ಹುರುಪಿನದು. ಆಳಕ್ಕೆ 'ಜ್ಯೋತಿ'ಯೇ ಬೇಕು.

ಮರಿಯಾನೊ ಬಾಸ್ಟನ್ನಿನಲ್ಲಿ ಇಟಲಿಯ ವಲಸಿಗ ದಂಪತಿಗೆ ಹುಟ್ಟಿದವರು. ಚಾರ್ಲ್ಸ್ ಮಿಂಗಸ್ ಅವರ 1963ರ ಹೆಸರಾಂತ ಆಲ್ಬಮ್ಮಿನಲ್ಲಿ ನುಡಿಸಿ ಆಗಲೇ ಹೆಸರು ಮಾಡಿದ್ದರು. ಅರವತ್ತರ ದಶಕದಲ್ಲಿ ಮಲೇಷ್ಯಾದಲ್ಲಿದ್ದಾಗ ಅಲ್ಲಿಯ ತಮಿಳರ ನಾಗಸ್ವರ ಕೇಳಿದರು. ಕೇಳಿ ಸುಮ್ಮನಾಗಲಿಲ್ಲ, ಕಲಿಯಲು ಕೂತರು, ಆಮೇಲೆ ದಕ್ಷಿಣ ಭಾರತಕ್ಕೂ ಬಂದರು. ಮಧ್ಯವಯಸ್ಸಿನ, ಪ್ರಸಿದ್ಧ ವಾದಕನೊಬ್ಬ ಮತ್ತೆ ಶಿಷ್ಯನಾಗುವುದು ಸಣ್ಣ ಮಾತಲ್ಲ. 2009ರಲ್ಲಿ ಜರ್ಮನಿಯ ಕೊಲೋನಿನಲ್ಲಿ ತೀರಿಕೊಳ್ಳುವವರೆಗೂ ಅವರ ಸ್ಯಾಕ್ಸೊಫೋನಿನಲ್ಲಿ ನಾಗಸ್ವರದ ಎಳೆತ ಉಳಿದೇ ಇತ್ತು.

'ಜ್ಯೋತಿ'ಯ ಆರಂಭವೇ ರಮಾಮಣಿಯವರ ಒಂಟಿ ದನಿ. ಹೊದಿಕೆಯ ಮೇಲೆ ಮರಿಯಾನೊ ಹೆಸರು ಮುಂದಿದ್ದರೂ ಸಂಗೀತದಲ್ಲಿ ಮನೆಯೊಡತಿ ಯಾರೆಂಬುದು ಮೊದಲ ನಿಮಿಷಕ್ಕೇ ತಿಳಿಯುತ್ತದೆ. ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ, ತಂಬೂರಿ, ಅಷ್ಟೇ. ಅಂದರೆ ಜಾಝಿನ ಓಡುವ ನೆಲವನ್ನು ಮರಿಯಾನೊ ಪೂರ್ತಿ ಬಿಟ್ಟುಬಂದಿದ್ದಾರೆ. ಹಾಗೆಂದು ಅವರು ಕರ್ನಾಟಕ ಸಂಗೀತದ ವಿದ್ವಾಂಸರಂತೆ ನಟಿಸುವುದಿಲ್ಲ. ರಮಾಮಣಿಯವರ ಒಂದು ಸಾಲು ಮುಗಿದ ಮೇಲೆ ಅವರು ಅದನ್ನು ಪುನರುಚ್ಚರಿಸುವ ಬದಲು ಅದಕ್ಕೆ ಪ್ರಶ್ನೆಯೊಂದನ್ನು ಸೇರಿಸುತ್ತಾರೆ. ಬ್ಲೂಸಿನ ಒಂದು ಒಡಕು ಸ್ವರ ರಾಗದ ಅಂಚಿಗೆ ಬಂದು ನಿಂತು, ಒಳಗೆ ಬರಲೇ ಎಂದು ಕೇಳುತ್ತದೆ. ರಮಾಮಣಿಯವರು ಕೂಡ ಸುಮ್ಮನಿಲ್ಲ. ಸಾಹಿತ್ಯವನ್ನು ಬದಿಗಿಟ್ಟು ದನಿಯನ್ನೇ ವಾದ್ಯ ಮಾಡಿಕೊಳ್ಳುತ್ತಾರೆ, ಕೊನ್ನಕ್ಕೋಲಿನಿಂದ ಸ್ವರಕ್ಕೆ, ಸ್ವರದಿಂದ ಬರೀ ಅಕಾರಕ್ಕೆ ಜಾರುತ್ತಾರೆ. ಸಂಪ್ರದಾಯದ ಕಛೇರಿಯಲ್ಲಿ ಕೊನ್ನಕ್ಕೋಲು ಹೇಳುವವರು ಬಹುಮಟ್ಟಿಗೆ ಗಂಡಸರೇ. ಹೆಣ್ಣುಮಗಳೊಬ್ಬಳು ತಾಳವಾದ್ಯದ ಶಾಲೆಯ ನಡುವೆ ನಿಂತು ರಚನೆ ಮಾಡಿ, ತಂಡವನ್ನು ನಡೆಸಿ, ವಿದೇಶದ ಹಿರಿಯ ವಾದಕನನ್ನು ತನ್ನ ಹಿಂದೆ ಬರಮಾಡಿಕೊಂಡ ದಾಖಲೆ ಇದು. 'ವರ್ಷಿಣಿ', 'ಸಪ್ತರ್ಷಿ', 'ಕಾರ್ತಿಕ್' ಈ ಮೂರನ್ನು ಒಂದರ ಹಿಂದೆ ಒಂದು ಕೇಳಿರಿ.

ದೋಷವಿಲ್ಲವೆಂದಲ್ಲ. ಇಸಿಎಂ ಸಂಸ್ಥೆಯ ಮುದ್ರಣದಲ್ಲಿ ಎಲ್ಲ ದನಿಯೂ ದೊಡ್ಡ ಖಾಲಿ ಮಂದಿರದಲ್ಲಿ ಮೊಳಗಿದಂತೆ ಕೇಳುತ್ತದೆ. ಮೃದಂಗದ ಎಡಗಡೆಯ ತೊಪ್ಪಿಯ ಬಿಸುಪು ನಮ್ಮ ಹತ್ತಿರ ಬರುವುದಿಲ್ಲ. ಮರಿಯಾನೊ ಕೆಲವೆಡೆ ವಿಪರೀತ ಸಭ್ಯರಾಗಿದ್ದಾರೆ, ಅತಿಥಿ ಎರಡನೆಯ ಸಲ ಸಾರು ಕೇಳಲು ಹಿಂಜರಿದಂತೆ. ಮಿಂಗಸ್ ಅವರ ಜೊತೆ ಅಳುವಂತೆ ಊದಿದ ಆ ಮನುಷ್ಯ ಇಲ್ಲಿ ಒಮ್ಮೆಯಾದರೂ ಗಂಟಲು ಬಿಚ್ಚಬಾರದಿತ್ತೇ ಎನ್ನಿಸುತ್ತದೆ. ಆ ಹಸಿವು ಇರುವವರು ಅವರ 1963ರ ನುಡಿಸಾಣಿಕೆಗೆ ಹೋಗಬಹುದು. ಆದರೂ ಶಕ್ತಿಯ ಎರಡನೆಯ ತಟ್ಟೆಯ ಪಕ್ಕದಲ್ಲಿ ಇಡುವುದಾದರೆ ನಾವು ಇದನ್ನೇ ಇಡುತ್ತೇವೆ. ಶಕ್ತಿಯವರು ಎಲ್ಲರೂ ತಮ್ಮ ಮನೆ ಬಿಟ್ಟು ಮೂರನೆಯ ಜಾಗದಲ್ಲಿ ಸೇರಿದರು. 'ಜ್ಯೋತಿ'ಯಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಚಪ್ಪಲಿ ಬಿಟ್ಟು ಬಂದರು. ಎರಡೂ ಬೇಕಾದ ದಾರಿಗಳೇ.

ಇನ್ನೊಂದು ನಮ್ಮದೇ ಆದ ಆಲ್ಬಂ 'ಕಿನ್ಸ್‌ಮೆನ್' (2008). ಇದನ್ನು ಹಳೆಯದೆನ್ನಲು ಕೆಲವರು ಒಪ್ಪಲಿಕ್ಕಿಲ್ಲ. ಕದ್ರಿ ಗೋಪಾಲನಾಥ್ ಅವರನ್ನು ಕನ್ನಡಿಗರಿಗೆ ಪರಿಚಯಿಸಬೇಕಿಲ್ಲ. ಬಂಟ್ವಾಳದ ಸಜಿಪಮೂಡದ ನಾಗಸ್ವರದ ಮನೆತನದಲ್ಲಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾಗಿ, ಆ ಬಿಳಿಯರ ವಾದ್ಯದಿಂದ ಗಮಕ ಹೊರಡಿಸಲು ವರ್ಷಾನುಗಟ್ಟಲೆ ತೇಯ್ದವರು. 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿ ಜಾಝಿನವರ ಕಣ್ಣಿಗೆ ಬಿದ್ದರು. ಅಮೆರಿಕದಲ್ಲಿ ಬೆಳೆದ, ಕನ್ನಡ ನಾಡಿನ ಬೇರಿನ ರುದ್ರೇಶ್ ಮಹಾಂತಪ್ಪ ಜಾಝ್ ಓದುತ್ತಿದ್ದ ಹುಡುಗ. ಅವರ ಅಣ್ಣ ತಮಾಷೆಗೆಂದು ಒಂದು ಆಲ್ಬಂ ತಂದುಕೊಟ್ಟರಂತೆ, ಸ್ಯಾಕ್ಸೊಫೋನಿನಲ್ಲಿ ಭಾರತೀಯ ಸಂಗೀತ. ಅದು ಕದ್ರಿಯವರದು. ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಮುಂದೆ ಕದ್ರಿಯವರ ಬಳಿಗೇ ಬಂದು, ಕೂತು, 'ಕಿನ್ಸ್‌ಮೆನ್' ಕಟ್ಟಿದರು. ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರ್ ಶ್ರೀಜಿ ಅವರ ಮೃದಂಗ, ಕರಾಚಿಯಲ್ಲಿ ಹುಟ್ಟಿದ ರೆಝ್ ಅಬ್ಬಾಸಿ ಅವರ ಗಿಟಾರ್, ಅಮೆರಿಕದ ಬಾಸ್ ಮತ್ತು ಡ್ರಮ್ಸ್ ಕೂಡಿದ ತಂಡ.

ಒಂದೇ ವಾದ್ಯ, ಎರಡು ವ್ಯಾಕರಣ. ಕಣ್ಣು ಮುಚ್ಚಿ ಯಾರು ಯಾರೆಂದು ಗುರುತಿಸುವ ಆಟವನ್ನು ನಾವು ಆಡಿದೆವು. ಸ್ವರದಿಂದ ಸ್ವರಕ್ಕೆ ಜಾರಿಕೊಂಡು, ಉಸಿರನ್ನು ಉದ್ದಕ್ಕೆ ಹಿಡಿದು ಬರುವವರು ಕದ್ರಿ. ಒಡೆದು, ಚೂಪಾಗಿ, ಏಣಿ ಹತ್ತಿದಂತೆ ಏರುವವರು ಮಹಾಂತಪ್ಪ. ನಡುವೆ ಎಲ್ಲೋ ಗುರುತು ತಪ್ಪುತ್ತದೆ, ಅದೇ ಈ ಆಲ್ಬಮ್ಮಿನ ಸಿಹಿ ಜಾಗ. ಆದರೆ ನಮ್ಮ ಮೂಲ ಪ್ರಶ್ನೆಯನ್ನು ಇಟ್ಟರೆ ಒಂದು ಕೊರತೆ ಕಾಣುತ್ತದೆ. ಇಲ್ಲಿ ಕಿರಿಯರು ಹಿರಿಯರ ಕಡೆಗೆ ನಡೆದು ಬಂದಿದ್ದಾರೆ, ಹಿರಿಯರು ತಮ್ಮ ಜಾಗದಲ್ಲೇ ಕೂತಿದ್ದಾರೆ. ಕದ್ರಿಯವರು ಆ ಬದಲಾವಣೆಯ ಪಾಲನ್ನು ತಮ್ಮ ಯೌವನದಲ್ಲೇ, ವಾದ್ಯ ಕೈಗೆತ್ತಿಕೊಂಡ ದಿನವೇ ಸಲ್ಲಿಸಿದ್ದರೆಂದು ಅವರ ಪರವಾಗಿ ವಾದಿಸಬಹುದು. ನಮ್ಮಲ್ಲಿ ಈ ಬಗ್ಗೆ ಒಮ್ಮತವಿಲ್ಲ. 2019ರಲ್ಲಿ ಅವರು ತೀರಿಕೊಂಡರು.

ಇಷ್ಟೆಲ್ಲ ಮೆಚ್ಚಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಜಾಝ್ ಗುಲಾಮರ ಮಕ್ಕಳ ಸಂಗೀತ. ಅದು ಭಾರತಕ್ಕೆ ಬಂದಾಗ ಅದನ್ನು ಎದುರುಗೊಂಡದ್ದು ಬಹುತೇಕ ಸಭಾ ಸಂಗೀತ ಮಾತ್ರ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಉರುಮೆಯನ್ನು ಆ ಬಸ್ಸಿನವರು ಕೇಳಲಿಲ್ಲ. ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬ ಬಂದರೆ ಪಂಜಾದ ಮುಂದೆ ತಮಟೆ ಬಾರಿಸುವವರು ಬಹುಪಾಲು ಮುಸ್ಲಿಮರಲ್ಲ, ಕೆಂಡದ ಗುಂಡಿಯ ಸುತ್ತ ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಅದಕ್ಕೆ ಯಾರೂ ಫ್ಯೂಜನ್ ಎಂದು ಹೆಸರಿಟ್ಟಿಲ್ಲ, ತಟ್ಟೆಯನ್ನೂ ಮಾಡಿಲ್ಲ. ತಮಟೆಯ ಬಿಸಿ ಚರ್ಮ ಮತ್ತು ನ್ಯೂ ಆರ್ಲಿಯನ್ಸಿನ ಶವಯಾತ್ರೆಯ ಬ್ಯಾಂಡು ಎದುರಾದರೆ ಏನಾಗುತ್ತಿತ್ತು? ಘಟವನ್ನು ಮೊದಲ ಸಾಲಿಗೆ ತಂದವರಿಗೆ ತಮಟೆಯವರೆಗೆ ಬರಲು ಇನ್ನೂ ಎರಡು ಹೆಜ್ಜೆಯಿತ್ತು. ಈ ತಕರಾರು ಮೆಕ್ಲಾಗ್ಲಿನ್ ಅಥವಾ ಮರಿಯಾನೊ ಅವರ ಮೇಲಲ್ಲ. ಅವರಿಗೆ ದಾರಿ ತೋರಿಸಿದ ನಮ್ಮ ನಗರಗಳ ಸಭಾಂಗಣಗಳ ಮೇಲೆ.

ಇವೆಲ್ಲ ಹಿಂದೆ ಸಿಗುವುದೇ ದುಸ್ತರವಾಗಿತ್ತು. ಯಾರಾದರೂ ಬೆಂಗಳೂರಿಗೆ ಹೋದಾಗ ದುಬಾರಿ ಸಿಡಿ ತರಬೇಕಿತ್ತು. ಈಗ ಹೆಚ್ಚಿನವು ಫೋನಿನಲ್ಲೇ ಸಿಗುತ್ತವೆ. ಫೋನಿನ ಸಣ್ಣ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಘಟವೂ ಮೃದಂಗವೂ ಡಬ್ಬಿ ಬಡಿದಂತಾಗುತ್ತವೆ. ಹೊಸಬರು ಮೊದಲು 'ಎ ಹ್ಯಾಂಡ್‌ಫುಲ್ ಆಫ್ ಬ್ಯೂಟಿ' ಕೇಳಲಿ, ಆಮೇಲೆ 'ಜ್ಯೋತಿ'. ಒಂದು ವಾರ ಬಿಟ್ಟು ಮತ್ತೆ 'ಜ್ಯೋತಿ'. ಅಲ್ಲಿಂದ 'ಕಿನ್ಸ್‌ಮೆನ್'. ಮನೆಯಲ್ಲಿ ಹದಿಹರೆಯದವರಿದ್ದರೆ 'ಹೆಡ್ ಹಂಟರ್ಸ್' ಮತ್ತು 'ಬರ್ಡ್ಸ್ ಆಫ್ ಫೈರ್' ಅವರ ಕೈಗೆ ಕೊಡಿ, ಅವರೇ ದಾರಿ ಹುಡುಕಿಕೊಳ್ಳುತ್ತಾರೆ. 'ಬಿಚಸ್ ಬ್ರೂ' ಕೊನೆಗಿರಲಿ. 'ಇಂಡೋ-ಜಾಝ್ ಸೂಟ್' ಇತಿಹಾಸದ ಆಸಕ್ತಿಯಿದ್ದವರಿಗೆ. 'ಎಂಬ್ರಿಯೋಸ್ ರೈಸೆ' ಸಿಕ್ಕರೆ ಅದರಲ್ಲಿ ಕಾಬೂಲಿನವರು ನುಡಿಸಿದ ಭಾಗವನ್ನು ಬಿಡಬೇಡಿ.